ಸೋಡಿಯಂ ಬೈಕಾರ್ಬನೇಟ್ ಮತ್ತು ದೂರದ ಸೈಕಲ್ ಸವಾರಿ

ಸೋಡಿಯಂ ಬೈಕಾರ್ಬನೇಟ್: ಅಡುಗೆ ಸೋಡಾ ಎಂದು ಮನೆಮನೆಯಲ್ಲಿ ಹೆಸರಾದ ಬಿಳಿ ಪುಡಿ. ಬಜ್ಜಿ ಹಿಟ್ಟಿಗೆ ಚಿಟಿಕೆ ಹಾಕುವ ಇದೇ ವಸ್ತುವನ್ನು ಓಟಗಾರರು, ಈಜುಗಾರರು, ಸೈಕಲ್ ಸವಾರರು ಸ್ಪರ್ಧೆಗೆ ಮುನ್ನ ಪೂರಕವಾಗಿ ಸೇವಿಸುತ್ತಾರೆ. ಅದು ರಕ್ತದ ಕ್ಷಾರಗುಣವನ್ನು ಕೆಲವು ಗಂಟೆಗಳ ಮಟ್ಟಿಗೆ ಏರಿಸುತ್ತದೆ. ತೀವ್ರ ಶ್ರಮದಲ್ಲಿ ಸ್ನಾಯುಗಳಲ್ಲಿ ಹುಟ್ಟುವ ಆಮ್ಲ ಬೇಗ ಹೊರಬರಲು ಇದರಿಂದ ಅನುಕೂಲವಾಗುತ್ತದೆ. ಅರ್ಧ ನಿಮಿಷದಿಂದ ಹನ್ನೆರಡು ನಿಮಿಷದವರೆಗಿನ ಶ್ರಮದಲ್ಲಿ ಇದರ ಪ್ರಯೋಜನಕ್ಕೆ ಒಳ್ಳೆಯ ಪುರಾವೆಯಿದೆ. ಗಂಟೆಗಟ್ಟಲೆ ನಡೆಯುವ ಸವಾರಿಯಲ್ಲಿ ಇದರ ಪಾತ್ರ ಸಣ್ಣದು, ಆದರೆ ನಿರ್ದಿಷ್ಟವಾದದ್ದು: ಏರು, ಬೆನ್ನಟ್ಟುವಿಕೆ, ಕೊನೆಯ ಓಟ ಮುಂತಾದ ಕೆಲವೇ ನಿಮಿಷಗಳಿಗೆ ಅದು ಸಂಬಂಧಿಸಿದೆ.

ಮೈಸೂರಿನಿಂದ ಸುಮಾರು 50 ಕಿ.ಮೀ. ದೂರದ ಮೇಲುಕೋಟೆಯ ದಾರಿಯನ್ನು ನೆನೆದರೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುವ ರಸ್ತೆ ನಾಲೆ, ಗದ್ದೆ, ಕಬ್ಬಿನ ತೋಟಗಳ ನಡುವೆ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ಜಕ್ಕನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಮೇಲುಕೋಟೆಯ ಬೆಟ್ಟವಾದ ಯದುಗಿರಿಯ ಕಡೆಗೆ ತಿರುಗಿದ ಮೇಲೆ ಸವಾರನಿಗೆ ಬೆಟ್ಟ ಎದುರಾಗುತ್ತದೆ. ಅಲ್ಲಿಯವರೆಗಿನ ಸವಾರಿ ಉಸಿರಿನ ಲಯದಲ್ಲಿ ನಡೆಯುತ್ತದೆ. ಅಲ್ಲಿಂದ ಮುಂದೆ ತೊಡೆ ಉರಿಯತೊಡಗುತ್ತದೆ. ಬೈಕಾರ್ಬನೇಟಿನ ಚರ್ಚೆಯೆಲ್ಲ ಆ ಉರಿಯ ಕುರಿತಾದದ್ದು.

ಹೆಸರು ಮತ್ತು ರಾಸಾಯನಿಕ ಗುಣ

ಇದರ ಒಂದು ಅಣುವಿನಲ್ಲಿ ಸೋಡಿಯಂ, ಹೈಡ್ರೋಜನ್, ಕಾರ್ಬನ್‌ಗಳ ಒಂದೊಂದು ಪರಮಾಣು ಮತ್ತು ಆಕ್ಸಿಜನ್ನಿನ ಮೂರು ಪರಮಾಣುಗಳಿವೆ. ಅಣುತೂಕ 84. ತೂಕದಲ್ಲಿ ಶೇ. 27ರಷ್ಟು ಸೋಡಿಯಂ. ನೀರಿನಲ್ಲಿ ಕರಗುತ್ತದೆ, ರುಚಿ ಉಪ್ಪುಪ್ಪಾಗಿ, ತುಸು ಸಾಬೂನಿನಂತೆ ಇರುತ್ತದೆ. ಆಮ್ಲದೊಡನೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ನೊರೆಯೇಳುತ್ತದೆ. ಕಾಯಿಸಿದರೆ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಟ್ಟುಕೊಟ್ಟು ಹೆಚ್ಚು ಕ್ಷಾರೀಯವಾದ ಸೋಡಿಯಂ ಕಾರ್ಬನೇಟಾಗಿ ಮಾರ್ಪಡುತ್ತದೆ. ಆದ್ದರಿಂದ ಕುಡಿಯಲು ಬೆರೆಸುವ ದ್ರಾವಣವನ್ನು ಕುದಿಸಬಾರದು. ಭಾರತದಲ್ಲಿ ಸೋಡಾ ರಾಸಾಯನಿಕಗಳ ದೊಡ್ಡ ಉದ್ಯಮ ಬೆಳೆದದ್ದು ಗುಜರಾತಿನ ಮಿಠಾಪುರದಲ್ಲಿ. ಟಾಟಾ ಕೆಮಿಕಲ್ಸ್ ಸಂಸ್ಥೆ 1939ರಲ್ಲಿ ಅಲ್ಲಿ ಆರಂಭವಾಯಿತು.

ಮಂಡ್ಯ ಸೀಮೆಯ ಜನಕ್ಕೆ ಕ್ಷಾರವಸ್ತುಗಳು ಹೊಸವಲ್ಲ. ನೀರು ನಿಂತ ಗದ್ದೆಯಲ್ಲಿ ಬಿಳಿಯಾಗಿ ಉಬ್ಬುವ ಚೌಳು, ಅಪ್ಪಳದ ಹಿಟ್ಟಿಗೆ ಬೆರೆಸುವ ಖಾರ, ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಹುಳಿಗುಣ ತಗ್ಗಿಸಲು ಹಾಕುವ ಸುಣ್ಣ ಮತ್ತು ಸೋಡಾ, ಇವೆಲ್ಲ ಈ ಬಳಗಕ್ಕೇ ಸೇರಿದವು. ಆಲೆಮನೆಯ ಕೊಪ್ಪರಿಗೆಯಲ್ಲಿ ಆಗುವುದೂ ಸವಾರನ ರಕ್ತದಲ್ಲಿ ಆಗುವುದೂ ಮೂಲದಲ್ಲಿ ಒಂದೇ ಕೆಲಸ: ಕ್ಷಾರವು ಹೆಚ್ಚಾದ ಆಮ್ಲವನ್ನು ಹಿಡಿದು ಶಮನಗೊಳಿಸುವುದು.

ಆದರೆ ಸೋಡಾ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯಲ್ಲಿ ಹಲವು ವಸ್ತುಗಳು ಸಿಗುತ್ತವೆ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬನೇಟ್. ಅದು ಬಾಯಿ, ಗಂಟಲು, ಜಠರವನ್ನು ಸುಡಬಲ್ಲದು. ಕಾಸ್ಟಿಕ್ ಸೋಡಾ ಪ್ರಾಣಕ್ಕೇ ಅಪಾಯ. ಬೇಕಿಂಗ್ ಪೌಡರ್ ಎನ್ನುವುದು ಅಡುಗೆ ಸೋಡಾ, ಒಣ ಆಮ್ಲ ಮತ್ತು ಪಿಷ್ಟದ ಮಿಶ್ರಣ. ಪೂರಕವಾಗಿ ಅದು ನಿರುಪಯೋಗಿ. ಗೋಲಿ ಸೋಡಾ ಬರೀ ಕಾರ್ಬನ್ ಡೈಆಕ್ಸೈಡ್ ತುಂಬಿದ ನೀರು. ಈ ಲೇಖನದಲ್ಲಿ ಹೇಳಿರುವುದೆಲ್ಲ ಆಹಾರ ಅಥವಾ ಔಷಧ ದರ್ಜೆಯ ಶುದ್ಧ ಸೋಡಿಯಂ ಬೈಕಾರ್ಬನೇಟಿಗೆ ಮಾತ್ರ ಅನ್ವಯಿಸುತ್ತದೆ.

ದೇಹದಲ್ಲಿ ನಡೆಯುವ ಕ್ರಿಯೆ

ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಆಮ್ಲ-ಕ್ಷಾರಗಳ ಈ ಸಮತೋಲವನ್ನು ಕಾಯುವವುಗಳಲ್ಲಿ ಬೈಕಾರ್ಬನೇಟ್ ಮುಖ್ಯವಾದದ್ದು. ರಕ್ತದಲ್ಲಿ ಅದು ಸಹಜವಾಗಿಯೇ ಲೀಟರಿಗೆ ಸುಮಾರು 24 ಮಿಲಿಮೋಲ್‌ನಷ್ಟಿರುತ್ತದೆ. ಆಮ್ಲಗುಣಕ್ಕೆ ಕಾರಣವಾದ ಹೈಡ್ರೋಜನ್ ಅಯಾನನ್ನು ಅದು ಹಿಡಿದುಕೊಳ್ಳುತ್ತದೆ. ಇದರಿಂದ ಕಾರ್ಬಾನಿಕ್ ಆಮ್ಲ ಉಂಟಾಗಿ, ನೀರು ಮತ್ತು ಕಾರ್ಬನ್ ಡೈಆಕ್ಸೈಡಾಗಿ ಒಡೆಯುತ್ತದೆ. ಅನಿಲ ಉಸಿರಿನೊಡನೆ ಹೊರಹೋಗುತ್ತದೆ. ಏರಿನಲ್ಲಿ ಸವಾರ ಏದುಸಿರು ಬಿಡುವುದಕ್ಕೆ ಈ ಅನಿಲವನ್ನು ಹೊರಹಾಕುವ ಅಗತ್ಯವೂ ಒಂದು ಕಾರಣ.

ಸಮತಟ್ಟಾದ ರಸ್ತೆಯಲ್ಲಿ ಮಾತನಾಡುತ್ತ ಸೈಕಲ್ ತುಳಿಯುವಾಗ ಸ್ನಾಯುಗಳಿಗೆ ಬೇಕಾದ ಶಕ್ತಿ ಆಮ್ಲಜನಕದ ನೆರವಿನಿಂದಲೇ ಸಿಗುತ್ತದೆ. ವೇಗ ಏರಿ ಬೇಡಿಕೆ ಹೆಚ್ಚಿದಾಗ ಸ್ನಾಯು ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಬಲು ಬೇಗ ಒಡೆಯುತ್ತದೆ. ಆಗ ಲ್ಯಾಕ್ಟೇಟ್ ಕೂಡಿಬರುತ್ತದೆ, ಜೊತೆಗೇ ಹೈಡ್ರೋಜನ್ ಅಯಾನುಗಳೂ ಹೆಚ್ಚುತ್ತವೆ. ವಿಶ್ರಾಂತಿಯಲ್ಲಿ 7.0ರ ಆಸುಪಾಸಿನಲ್ಲಿರುವ ಸ್ನಾಯುವಿನ ಪಿಎಚ್, ಮೈಯೆಲ್ಲ ಸೋಲುವಂಥ ಶ್ರಮದಲ್ಲಿ 6.5ರವರೆಗೂ ಇಳಿಯುತ್ತದೆ. ಶಕ್ತಿ ಬಿಡುಗಡೆ ಮಾಡುವ ಕಿಣ್ವಗಳ ಕೆಲಸಕ್ಕೂ ಸ್ನಾಯುತಂತುಗಳ ಸಂಕೋಚನಕ್ಕೂ ಇದು ಅಡ್ಡಿಯಾಗುತ್ತದೆ. ದಣಿವಿಗೆ ಆಮ್ಲವೊಂದೇ ಕಾರಣವಲ್ಲ. ಫಾಸ್ಫೇಟಿನ ಶೇಖರಣೆ, ಪೊಟ್ಯಾಸಿಯಂ ಏರುಪೇರು, ಮಿದುಳಿನ ನಿಯಂತ್ರಣ ಇವೂ ಸೇರಿವೆ. ಲ್ಯಾಕ್ಟೇಟನ್ನು ವಿಷವೆಂದು ತಿಳಿಯುವುದೂ ತಪ್ಪು. ಹೃದಯ ಮತ್ತು ಇತರ ಸ್ನಾಯುಗಳು ಅದನ್ನು ಇಂಧನವಾಗಿ ಬಳಸುತ್ತವೆ. ಮರುದಿನ ಕಾಲು ನೋಯುವುದಕ್ಕೂ ಅದು ಕಾರಣವಲ್ಲ.

ನುಂಗಿದ ಬೈಕಾರ್ಬನೇಟ್ ನೇರವಾಗಿ ಸ್ನಾಯುಕೋಶದೊಳಗೆ ಹೋಗುವುದಿಲ್ಲ. ಕೋಶದ ಪೊರೆ ಅದನ್ನು ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಅದು ರಕ್ತದಲ್ಲಿ ಉಳಿದೇ ಕೆಲಸ ಮಾಡುತ್ತದೆ. ಲ್ಯಾಕ್ಟೇಟನ್ನೂ ಹೈಡ್ರೋಜನ್ ಅಯಾನನ್ನೂ ಜೋಡಿಯಾಗಿ ಹೊರಸಾಗಿಸುವ ವಾಹಕ ಪ್ರೋಟೀನುಗಳು ಪೊರೆಯಲ್ಲಿವೆ. ಹೊರಗಿನ ರಕ್ತ ಹೆಚ್ಚು ಕ್ಷಾರವಾದಷ್ಟೂ ಈ ಸಾಗಾಟ ಚುರುಕಾಗುತ್ತದೆ. ಗದ್ದೆಯ ನೀರು ಬೇಗ ಬಸಿಯಬೇಕಾದರೆ ಬಸಿಗಾಲುವೆಯ ಮಟ್ಟ ತಗ್ಗಿರಬೇಕಲ್ಲ, ಇದೂ ಹಾಗೆಯೇ. ದೇಹತೂಕದ ಪ್ರತಿ ಕಿಲೋಗೆ 0.3 ಗ್ರಾಂ ಸೇವಿಸಿದರೆ ರಕ್ತದ ಬೈಕಾರ್ಬನೇಟ್ ಲೀಟರಿಗೆ ಸುಮಾರು 5ರಿಂದ 6 ಮಿಲಿಮೋಲ್ ಏರುತ್ತದೆ. ಹೆಚ್ಚಾದದ್ದನ್ನು ಮೂತ್ರಪಿಂಡಗಳು ಮುಂದಿನ ಗಂಟೆಗಳಲ್ಲಿ ಹೊರಹಾಕುತ್ತವೆ.

ಸಂಶೋಧನೆಯ ಇತಿಹಾಸ

ಆಮ್ಲ ಮತ್ತು ದಣಿವಿನ ನಂಟು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ವಿಜ್ಞಾನಿಗಳನ್ನು ಕಾಡಿದೆ. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಅಧ್ಯಯನಕ್ಕಾಗಿ ಎ. ವಿ. ಹಿಲ್ ಮತ್ತು ಓಟೋ ಮೆಯರ್‌ಹಾಫ್ 1922ರ ನೊಬೆಲ್ ಪ್ರಶಸ್ತಿ ಪಡೆದರು. ಅಮೆರಿಕದ ಹಾರ್ವರ್ಡ್ ಫಟೀಗ್ ಲ್ಯಾಬೊರೇಟರಿಯ ಡಿಲ್, ಎಡ್ವರ್ಡ್ಸ್ ಮತ್ತು ಟಾಲ್ಬಟ್ 1932ರಲ್ಲಿ ಕ್ಷಾರಸ್ಥಿತಿ ಮತ್ತು ದುಡಿಯುವ ಸಾಮರ್ಥ್ಯದ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಜೋನ್ಸ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ತಿರುವು ತಂದಿತು. ಅವರು ಐವರು ಪುರುಷರನ್ನು ವ್ಯಾಯಾಮದ ಸೈಕಲ್ಲಿನ ಮೇಲೆ ಕೂರಿಸಿ, ಒಮ್ಮೆ ಆಮ್ಲೀಯವಾದ ಅಮೋನಿಯಂ ಕ್ಲೋರೈಡ್, ಒಮ್ಮೆ ಬೈಕಾರ್ಬನೇಟ್, ಒಮ್ಮೆ ಪರಿಣಾಮವಿಲ್ಲದ ವಸ್ತುವನ್ನು ಕೊಟ್ಟರು. ಗರಿಷ್ಠ ಸಾಮರ್ಥ್ಯದ ಶೇ. 95ರಷ್ಟು ಶ್ರಮದಲ್ಲಿ ಅವರು ಸಾಮಾನ್ಯ ಸ್ಥಿತಿಯಲ್ಲಿ ಸರಾಸರಿ 270 ಸೆಕೆಂಡು ತುಳಿದರು. ಆಮ್ಲಸ್ಥಿತಿಯಲ್ಲಿ 160 ಸೆಕೆಂಡಿಗೆ ಸೋತರು. ಬೈಕಾರ್ಬನೇಟ್ ಪಡೆದಾಗ 438 ಸೆಕೆಂಡು ಬಾಳಿದರು. ಹಗುರ ಶ್ರಮದಲ್ಲಿ ಇಂಥ ಅಂತರ ಕಾಣಲಿಲ್ಲ. 1983ರಲ್ಲಿ ವಿಲ್ಕ್ಸ್ ಮತ್ತು ಸಂಗಡಿಗರು ಆರು ಓಟಗಾರರ 800 ಮೀ. ಓಟ ಸರಾಸರಿ 2.9 ಸೆಕೆಂಡು ಬೇಗ ಮುಗಿದದ್ದನ್ನು ವರದಿ ಮಾಡಿದರು. 2011ರಲ್ಲಿ ಕಾರ್, ಹಾಪ್ಕಿನ್ಸ್ ಮತ್ತು ಗೋರ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ನಿಮಿಷದ ಬಿರುಸಿನ ಶ್ರಮದಲ್ಲಿ ಪುರುಷ ಕ್ರೀಡಾಪಟುಗಳಿಗೆ ಸುಮಾರು ಶೇ. 1.7ರಷ್ಟು ಲಾಭ ಕಂಡಿತು.

2018ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು, ಸಾಮರ್ಥ್ಯ ಹೆಚ್ಚಿಸಬಲ್ಲವೆಂದು ಒಳ್ಳೆಯ ಆಧಾರವಿರುವ ಬೆರಳೆಣಿಕೆಯ ಪೂರಕಗಳನ್ನು ಹೆಸರಿಸಿದರು: ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೀಟಾ ಅಲನೈನ್ ಮತ್ತು ಸೋಡಿಯಂ ಬೈಕಾರ್ಬನೇಟ್. ಅಂತಾರಾಷ್ಟ್ರೀಯ ಕ್ರೀಡಾ ಪೋಷಣಾ ಸೊಸೈಟಿ 2021ರಲ್ಲಿ ಇದಕ್ಕೆಂದೇ ನಿಲುವು ಪತ್ರ ಹೊರಡಿಸಿತು. ಸೈಕಲ್, ಓಟ, ಈಜು, ರೋಯಿಂಗ್ ಮತ್ತು ಕಾದಾಟದ ಆಟಗಳಲ್ಲಿ, ಮುಖ್ಯವಾಗಿ 30 ಸೆಕೆಂಡಿನಿಂದ 12 ನಿಮಿಷದವರೆಗಿನ ಶ್ರಮದಲ್ಲಿ, ಇದು ಪುರುಷರಿಗೂ ಮಹಿಳೆಯರಿಗೂ ನೆರವಾಗುತ್ತದೆ ಎಂಬುದು ಅದರ ತೀರ್ಮಾನ.

ದೂರದ ಸವಾರಿಯಲ್ಲಿ ಪ್ರಯೋಜನ

ಹನ್ನೆರಡು ನಿಮಿಷ ಮೀರಿದ ಸವಾರಿಯ ಬಗ್ಗೆ ಪ್ರಯೋಗಗಳು ಒಂದೇ ಮಾತು ಹೇಳುವುದಿಲ್ಲ. 1999ರಲ್ಲಿ ಮ್ಯಾಕ್‌ನಾಟನ್ ಮತ್ತು ಸಂಗಡಿಗರು, ಚೆನ್ನಾಗಿ ಪಳಗಿದ ಹತ್ತು ಸವಾರರು ಬೈಕಾರ್ಬನೇಟ್ ಸೇವಿಸಿ ಒಂದು ಗಂಟೆಯಲ್ಲಿ ಸುಮಾರು ಶೇ. 14ರಷ್ಟು ಹೆಚ್ಚು ಕೆಲಸ ಮಾಡಿದರೆಂದು ವರದಿ ಮಾಡಿದರು. 2002ರಲ್ಲಿ ಸ್ಟೀಫನ್ಸ್ ಮತ್ತು ಸಂಗಡಿಗರು ಏಳು ಮಂದಿ ಸವಾರರನ್ನು ಅರ್ಧ ಗಂಟೆ ಸ್ಥಿರ ಶ್ರಮದಲ್ಲಿ ತುಳಿಸಿ, ಬಳಿಕ ಸುಮಾರು ಅರ್ಧ ಗಂಟೆಯ ಕಾಲಸ್ಪರ್ಧೆ ನಡೆಸಿದರು; ಯಾವ ಲಾಭವೂ ಕಾಣಲಿಲ್ಲ. 2014ರಲ್ಲಿ ಎಗ್ಗರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 21 ಸವಾರರು ತಮ್ಮ ಆಮ್ಲಮಿತಿಗಿಂತ (ಆಮ್ಲ ಕೂಡಿಬರತೊಡಗುವ ಶ್ರಮದ ಮಟ್ಟಕ್ಕಿಂತ) ಸ್ವಲ್ಪ ಮೇಲಿನ ಶ್ರಮದಲ್ಲಿ ಸರಾಸರಿ 45 ನಿಮಿಷದ ಬದಲು 49.5 ನಿಮಿಷ ತುಳಿದರು. 2024ರಲ್ಲಿ ಶಾನನ್ ಮತ್ತು ಸಂಗಡಿಗರು, ಪಿಷ್ಟದ ಜೆಲ್‌ನಲ್ಲಿ ಅಡಗಿಸಿದ ಕಿರುಗುಳಿಗೆಗಳಾಗಿ ಬೈಕಾರ್ಬನೇಟ್ ಕೊಟ್ಟಾಗ 40 ಕಿ.ಮೀ. ಕಾಲಸ್ಪರ್ಧೆ ಸುಮಾರು 54 ಸೆಕೆಂಡು ಬೇಗ ಮುಗಿಯಿತೆಂದು ಪ್ರಕಟಿಸಿದರು.

ಈ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಸವಾರಿಯ ದೂರಕ್ಕಿಂತ ಶ್ರಮದ ತೀವ್ರತೆ ಮುಖ್ಯ. ಸವಾರ ಆಮ್ಲಮಿತಿಯ ಮೇಲೆ ಅಥವಾ ಅಂಚಿನಲ್ಲಿ ತುಳಿಯುತ್ತಿದ್ದರೆ ಬೈಕಾರ್ಬನೇಟಿಗೆ ಕೆಲಸವಿದೆ. ಅದಕ್ಕಿಂತ ಕೆಳಗಿದ್ದರೆ ತಟಸ್ಥಗೊಳಿಸಲು ಹೆಚ್ಚಿನ ಆಮ್ಲವೇ ಇರುವುದಿಲ್ಲ. ದೀರ್ಘ ಸವಾರಿಯಲ್ಲಿ ಸೋಲು ಬರುವುದು ಗ್ಲೈಕೋಜನ್ ಬರಿದಾಗುವುದರಿಂದ, ನೀರು ಮತ್ತು ಉಪ್ಪಿನ ಕೊರತೆಯಿಂದ, ಮೈ ಕಾವೇರುವುದರಿಂದ, ನಿದ್ದೆಗೆಡುವುದರಿಂದ. ಇವುಗಳಲ್ಲಿ ಯಾವುದಕ್ಕೂ ಅಡುಗೆ ಸೋಡಾ ಮದ್ದಲ್ಲ.

ನಂಬಿಕೆಯ ಪಾಲನ್ನೂ ಮರೆಯುವಂತಿಲ್ಲ. ಬೈಕಾರ್ಬನೇಟಿನ ರುಚಿಯನ್ನೂ ಹೊಟ್ಟೆಯುಬ್ಬರವನ್ನೂ ಮರೆಮಾಚುವುದು ಕಷ್ಟ. ತಾನು ಯಾವುದನ್ನು ಸೇವಿಸಿದೆ ಎಂಬುದು ಸವಾರನಿಗೆ ತಿಳಿದುಹೋದರೆ ಆ ಅರಿವೇ ಹುರುಪು ಕೊಡಬಹುದು. 2007ರಲ್ಲಿ ಮ್ಯಾಕ್‌ಕ್ಲಂಗ್ ಮತ್ತು ಕಾಲಿನ್ಸ್ 1,000 ಮೀ. ಓಟದಲ್ಲಿ ಇದನ್ನೇ ಪರೀಕ್ಷಿಸಿ, ಸೇವಿಸಿದ್ದೇನೆಂಬ ನಂಬಿಕೆಗೆ ತನ್ನದೇ ಪ್ರಭಾವವಿದೆಯೆಂದು ತೋರಿಸಿದರು.

ಮೇಲುಕೋಟೆಯ ಏರು: ಒಂದು ಲೆಕ್ಕ

ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಗುವುದಾದರೆ, 100 ಮೀ. ಎತ್ತರ ಏರಲು ಭೂಮಿಯ ಸೆಳೆತವನ್ನು ಮೀರುವುದಕ್ಕೇ ಸುಮಾರು 78,500 ಜೂಲ್ ಶಕ್ತಿ ಬೇಕು. ಪಳಗಿದ ಹವ್ಯಾಸಿ ಸವಾರ 250 ವಾಟ್ ಶಕ್ತಿಯಲ್ಲಿ ತುಳಿದರೆ ಅದಕ್ಕೆ 5 ನಿಮಿಷ 14 ಸೆಕೆಂಡು ಹಿಡಿಯುತ್ತದೆ. ಗಾಳಿ ಮತ್ತು ಟೈರಿನ ಪ್ರತಿರೋಧ ಸೇರಿಸಿದರೆ ಸುಮಾರು 6 ನಿಮಿಷ. 150 ವಾಟ್‌ನಲ್ಲಿ ತುಳಿಯುವವರಿಗೆ ಸೆಳೆತವೊಂದಕ್ಕೇ 8 ನಿಮಿಷ 43 ಸೆಕೆಂಡು ಬೇಕಾಗುತ್ತದೆ. ಎಂದರೆ ನೂರು ಮೀಟರ್ ಎತ್ತರದ ಒಂದು ದಿಣ್ಣೆ, ಪೂರ್ತಿ ದಮ್ಮು ಕಟ್ಟಿ ಏರುವವರ ಪಾಲಿಗೆ, ಬೈಕಾರ್ಬನೇಟ್ ನೆರವಾಗಬಲ್ಲ ಕಾಲಾವಧಿಯ ನಟ್ಟನಡುವೆ ಬೀಳುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟದ ಏರು ಇದರ ಎರಡೂವರೆ ಪಟ್ಟಿಗೂ ಹೆಚ್ಚು. ಅಲ್ಲಿ ಅದೇ ಸವಾರ ಆ ಅವಧಿಯನ್ನು ದಾಟಿಬಿಡುತ್ತಾನೆ. ನಂದಿ ಬೆಟ್ಟ ಇನ್ನೂ ದೊಡ್ಡದು.

ಈಗ ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ ಮಾರ್ಗದಲ್ಲಿ ಹೋಗಿಬರುವ ಸುಮಾರು 100 ಕಿ.ಮೀ. ಸವಾರಿಯನ್ನು ಊಹಿಸಬೇಕು. ನಾಲ್ಕೈದು ಗಂಟೆಯ ಸವಾರಿಯಲ್ಲಿ ಆಮ್ಲ ಕೂಡಿಬರುವ ಹೊತ್ತು ಕೆಲವೇ ನಿಮಿಷ. ಬೆಳಗಿನ ವಿಹಾರಕ್ಕೆ ಹೊರಟವರು ಏರಿನಲ್ಲಿ ಸಣ್ಣ ಗೇರ್ ಹಾಕಿ ನಿಧಾನ ತುಳಿದರೆ ಆ ಕೆಲವು ನಿಮಿಷಗಳೂ ಇರುವುದಿಲ್ಲ. ಸ್ಪರ್ಧೆಯಲ್ಲಾದರೆ ಕಥೆ ಬೇರೆ: ನೂರು ಕಿ.ಮೀ. ಒಟ್ಟಾಗಿ ಬಂದ ಗುಂಪು ಒಡೆಯುವುದು ಇಂಥ ಏರಿನಲ್ಲೇ, ಗೆಲುವು ಸೋಲು ತೀರ್ಮಾನವಾಗುವುದೂ ಆ ನಿಮಿಷಗಳಲ್ಲೇ. ವೃತ್ತಿಪರ ಸವಾರರು ಗಂಟೆಗಟ್ಟಲೆಯ ಓಟಕ್ಕೂ ಬೈಕಾರ್ಬನೇಟ್ ಬಳಸತೊಡಗಿರುವ ಗುಟ್ಟು ಇದೇ. 2023ರಲ್ಲಿ ಸ್ವೀಡನ್ನಿನ ಮೌರ್ಟೆನ್ ಕಂಪನಿ ಜೆಲ್ ರೂಪದ ಬೈಕಾರ್ಬನೇಟನ್ನು ಮಾರುಕಟ್ಟೆಗೆ ತಂದ ಮೇಲೆ ಈ ಬಳಕೆ ಇನ್ನಷ್ಟು ಹರಡಿತು.

ಪ್ರಮಾಣ ಮತ್ತು ಸಮಯ

ಕೆಲಸ ಮಾಡುವ ಕನಿಷ್ಠ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.2 ಗ್ರಾಂ, ಸೂಕ್ತವೆನಿಸಿದ್ದು 0.3 ಗ್ರಾಂ. ಅದಕ್ಕಿಂತ ಹೆಚ್ಚಿಸಿದರೆ ಲಾಭ ಹೆಚ್ಚುವುದಿಲ್ಲ, ಹೊಟ್ಟೆಯ ತೊಂದರೆ ಹೆಚ್ಚುತ್ತದೆ. 50 ಕಿಲೋ ತೂಗುವವರಿಗೆ ಇದು 10ರಿಂದ 15 ಗ್ರಾಂ, 60 ಕಿಲೋಗೆ 12ರಿಂದ 18 ಗ್ರಾಂ, 70 ಕಿಲೋಗೆ 14ರಿಂದ 21 ಗ್ರಾಂ. ಟೀಚಮಚದ ಅಳತೆ ತುಂಬುವ ರೀತಿಯ ಮೇಲೆ ಬದಲಾಗುವುದರಿಂದ ಸಣ್ಣ ತಕ್ಕಡಿಯಲ್ಲಿ ತೂಗುವುದೇ ಸರಿ.

ಸ್ಪರ್ಧೆಗೆ 60ರಿಂದ 180 ನಿಮಿಷ ಮುಂಚೆ ಸೇವಿಸುವುದು ರೂಢಿ. ರಕ್ತದ ಬೈಕಾರ್ಬನೇಟ್ ಶಿಖರ ಮುಟ್ಟುವ ಹೊತ್ತು ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ಪೂರ್ತಿ ಪ್ರಮಾಣವನ್ನು ಒಮ್ಮೆಗೇ ಕುಡಿಯದೆ ಮೂರು ನಾಲ್ಕು ಪಾಲು ಮಾಡಿ, ಸಾಕಷ್ಟು ನೀರಿನೊಡನೆ ಅರ್ಧ ಗಂಟೆಯಿಂದ ಒಂದು ಗಂಟೆಯ ಅವಧಿಯಲ್ಲಿ ಸೇವಿಸಿದರೆ ಹೊಟ್ಟೆ ಸಹಿಸುತ್ತದೆ. ಜಠರ ದಾಟಿದ ಮೇಲೆ ಕರಗುವ ಗುಳಿಗೆಗಳೂ ಇವೆ. ಇನ್ನೊಂದು ವಿಧಾನದಲ್ಲಿ ಮೂರರಿಂದ ಏಳು ದಿನ, ದಿನಕ್ಕೆ ಕಿಲೋಗೆ 0.4ರಿಂದ 0.5 ಗ್ರಾಂನಂತೆ, ಊಟದೊಡನೆ ಹಂಚಿ ಸೇವಿಸಲಾಗುತ್ತದೆ. ಇದರಿಂದ ಸ್ಪರ್ಧೆಯ ದಿನದ ಹೊಟ್ಟೆಯ ತೊಂದರೆ ತಪ್ಪಬಹುದು. ಆದರೆ ದೇಹಕ್ಕೆ ಸೇರುವ ಸೋಡಿಯಂ ಬಹಳವಾಗುತ್ತದೆ.

ಊಟದೊಡನೆ ಹೊಂದಾಣಿಕೆ

ಪ್ರತಿ ಕಿಲೋ ತೂಕಕ್ಕೆ 1.5 ಗ್ರಾಂನಷ್ಟು ಪಿಷ್ಟವಿರುವ ಆಹಾರದೊಡನೆ ಬೈಕಾರ್ಬನೇಟ್ ಸೇವಿಸಿದರೆ ಹೊಟ್ಟೆಯ ತೊಂದರೆ ಕಡಿಮೆ ಎಂದು ಪ್ರಯೋಗಗಳು ತಿಳಿಸಿವೆ. 70 ಕಿಲೋದವರಿಗೆ ಇದು ಸುಮಾರು 105 ಗ್ರಾಂ ಪಿಷ್ಟ. ಬೆಂದ ಅನ್ನದಲ್ಲಿ ಹೇಳುವುದಾದರೆ 350ರಿಂದ 400 ಗ್ರಾಂ.

ನಮ್ಮ ಸೀಮೆಯ ಸವಾರರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಮೇಲುಕೋಟೆಯೆಂದರೆ ಪುಳಿಯೋಗರೆ. ಅದರ ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲವಿದೆ. ನಿಂಬೆಹಣ್ಣಿನ ಪಾನಕದಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಇವೆ. ಬೈಕಾರ್ಬನೇಟಿನೊಡನೆ ಇವು ಹೊಟ್ಟೆಯಲ್ಲೇ ಸಂಧಿಸಿದರೆ ರಕ್ತಕ್ಕೆ ಸೇರಬೇಕಾದ ಕ್ಷಾರದ ಒಂದು ಪಾಲು ಅಲ್ಲೇ ಖರ್ಚಾಗಿ ಅನಿಲ ಹೆಚ್ಚುತ್ತದೆ. ಒಂದು ಗ್ರಾಂ ಬೈಕಾರ್ಬನೇಟ್ ಆಮ್ಲದೊಡನೆ ಪೂರ್ತಿ ವರ್ತಿಸಿದರೆ ದೇಹದ ಶಾಖದಲ್ಲಿ ಸುಮಾರು 300 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಜೊತೆಗೆ ಪುಳಿಯೋಗರೆಯಲ್ಲಿ ಎಣ್ಣೆ, ಕಡಲೆಬೀಜ ಇರುವುದರಿಂದ ಜಠರ ಬರಿದಾಗುವುದೂ ತಡ. ಸ್ಪರ್ಧೆಯ ಬೆಳಗಿಗೆ ಬಿಳಿ ಅನ್ನ, ಹುಳಿ ಹಾಕದ ಅವಲಕ್ಕಿ, ಬಾಳೆಹಣ್ಣು ಹಿತ. ಪುಳಿಯೋಗರೆಯನ್ನು ಬೆಟ್ಟ ಏರಿದ ಮೇಲೆ ಉಣ್ಣುವುದೇ ದೇಹಕ್ಕೂ ನಾಲಿಗೆಗೂ ಒಳ್ಳೆಯದು.

ಅಡ್ಡ ಪರಿಣಾಮ ಮತ್ತು ಎಚ್ಚರ

ಸಾಮಾನ್ಯವಾಗಿ ಕಾಣುವ ತೊಂದರೆಗಳು ಹೊಟ್ಟೆಯುಬ್ಬರ, ತೇಗು, ಓಕರಿಕೆ, ಹೊಟ್ಟೆನುಲಿತ, ವಾಂತಿ ಮತ್ತು ಭೇದಿ. ಕೆಲವರಿಗೆ ಇವು ಇಡೀ ಸ್ಪರ್ಧೆಯನ್ನೇ ಕೆಡಿಸುವಷ್ಟು ತೀವ್ರವಾಗಿರುತ್ತವೆ. ಆದ್ದರಿಂದ ಅಭ್ಯಾಸದ ದಿನಗಳಲ್ಲಿ ಪರೀಕ್ಷಿಸದೆ ಸ್ಪರ್ಧೆಯ ದಿನ ಮೊದಲ ಬಾರಿಗೆ ಸೇವಿಸಬಾರದು. ಹೊಟ್ಟೆ ಬಿರಿಯ ಉಂಡ ಮೇಲೆ ಅಜೀರ್ಣಕ್ಕೆಂದು ಹೆಚ್ಚು ಅಡುಗೆ ಸೋಡಾ ನುಂಗಿ ಜಠರವೇ ಒಡೆದ ಅಪರೂಪದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.

ಸೋಡಿಯಂನ ಹೊರೆ ಇನ್ನೊಂದು ಸಂಗತಿ. 70 ಕಿಲೋದವರು 21 ಗ್ರಾಂ ಸೇವಿಸಿದರೆ ಸುಮಾರು 5.7 ಗ್ರಾಂ ಸೋಡಿಯಂ ದೇಹ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2 ಗ್ರಾಂಗಿಂತ ಕಡಿಮೆ. ಎಂದರೆ ಒಂದೇ ಬೆಳಗಿನಲ್ಲಿ ಸುಮಾರು ಮೂರು ದಿನದ ಸೋಡಿಯಂ ಒಳಹೊಕ್ಕಂತೆ. ಬೆವರಿನಲ್ಲಿ ಲೀಟರಿಗೆ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂ ಆಸುಪಾಸಿನ ಸೋಡಿಯಂ ಹೋಗುತ್ತದೆ ಎಂಬುದು ನಿಜವಾದರೂ, ಈ ಲೆಕ್ಕ ಸರಿದೂಗಬೇಕಾದರೆ ಹಲವು ಲೀಟರ್ ಬೆವರಬೇಕು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು, ಮೂತ್ರ ಹೆಚ್ಚಿಸುವ ಔಷಧ ತೆಗೆದುಕೊಳ್ಳುವವರು ಇದರಿಂದ ದೂರವಿರಬೇಕು. ಅತಿಯಾದ ಸೇವನೆಯಿಂದ ರಕ್ತದ ಕ್ಷಾರ ಮಿತಿಮೀರಿ ಪೊಟ್ಯಾಸಿಯಂ ಇಳಿದು, ಸ್ನಾಯು ಸೆಳೆತ ಮತ್ತು ಹೃದಯಬಡಿತದ ಏರುಪೇರು ಉಂಟಾಗಬಹುದು.

ಇತರ ಪೂರಕಗಳೊಡನೆ ಸಂಬಂಧ

ಬೀಟಾ ಅಲನೈನ್ ಬೈಕಾರ್ಬನೇಟಿನ ಜೊತೆಗಾರನಂತೆ. ಅದನ್ನು ದಿನಕ್ಕೆ 3ರಿಂದ 6 ಗ್ರಾಂನಷ್ಟು ಕೆಲವು ವಾರ ಸೇವಿಸಿದರೆ ಸ್ನಾಯುವಿನೊಳಗೆ ಕಾರ್ನೋಸಿನ್ ಎಂಬ ಪದಾರ್ಥ ಹೆಚ್ಚುತ್ತದೆ. ಬೈಕಾರ್ಬನೇಟ್ ಆಮ್ಲವನ್ನು ಹೊರಗೆ ಹಿಡಿದರೆ ಕಾರ್ನೋಸಿನ್ ಒಳಗೇ ಹಿಡಿಯುತ್ತದೆ. ಆಹಾರದ ಬೀಟಾ ಅಲನೈನ್ ಹೆಚ್ಚಾಗಿ ಮಾಂಸದಿಂದಲೇ ಸಿಗುವುದರಿಂದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಕಾರ್ನೋಸಿನ್ ಸಂಗ್ರಹ ಕಡಿಮೆ. ಕಾಫಿಯ ಕೆಫೀನ್ ಬೇರೆ ದಾರಿಯಲ್ಲಿ, ನರಮಂಡಲದ ಮೂಲಕ, ದಣಿವನ್ನು ಮುಂದೂಡುತ್ತದೆ. ದೀರ್ಘ ಸವಾರಿಗೆ ಕೆಫೀನಿನ ಪ್ರಯೋಜನಕ್ಕೆ ಬೈಕಾರ್ಬನೇಟಿಗಿಂತ ಹೆಚ್ಚು ಗಟ್ಟಿಯಾದ ಪುರಾವೆಯಿದೆ.

ಎಲ್ಲ ಪೂರಕಗಳಿಗಿಂತ ಮೊದಲು ಬರುವುದು ಅನ್ನ ಮತ್ತು ನೀರು. ಎರಡು ಗಂಟೆ ಮೀರಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಬೇಕು. ಮಂಡ್ಯದ ಬೆಲ್ಲ ಮತ್ತು ಬಾಳೆಹಣ್ಣು ಇದನ್ನು ಅಗ್ಗವಾಗಿ ಒದಗಿಸುತ್ತವೆ. ಮದ್ದೂರಿನ ಎಳನೀರು ನೀರನ್ನೂ ಪೊಟ್ಯಾಸಿಯಮ್ಮನ್ನೂ ಕೊಡುತ್ತದೆ. ಅದರಲ್ಲಿ ಸೋಡಿಯಂ ಕಡಿಮೆಯಾದ್ದರಿಂದ ಬೇಸಗೆಯ ದೀರ್ಘ ಸವಾರಿಯಲ್ಲಿ ಜೊತೆಗೆ ತುಸು ಉಪ್ಪು ಬೇಕಾಗುತ್ತದೆ.

ಕ್ರೀಡಾನಿಯಮ

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಸೋಡಿಯಂ ಬೈಕಾರ್ಬನೇಟ್ ಇಲ್ಲ. ಮನುಷ್ಯರ ಸ್ಪರ್ಧೆಗಳಲ್ಲಿ ಅದರ ಸೇವನೆ ತಪ್ಪಲ್ಲ. ಕುದುರೆ ಪಂದ್ಯಗಳಲ್ಲಿ ಹಾಗಲ್ಲ. ಓಟಕ್ಕೆ ಮುನ್ನ ಕೊಳವೆಯ ಮೂಲಕ ಕುದುರೆಯ ಹೊಟ್ಟೆಗೆ ಬೈಕಾರ್ಬನೇಟ್ ಮಿಶ್ರಣ ಸುರಿಯುವ ದುರಭ್ಯಾಸ ತಡೆಯಲು, ಕುದುರೆಯ ರಕ್ತರಸದಲ್ಲಿ ಲೀಟರಿಗೆ 36 ಮಿಲಿಮೋಲ್ ಕಾರ್ಬನ್ ಡೈಆಕ್ಸೈಡ್ ಎಂಬ ಮಿತಿಯನ್ನು ಆ ಪಂದ್ಯಗಳ ಅಂತಾರಾಷ್ಟ್ರೀಯ ಸಂಸ್ಥೆ ನಿಗದಿ ಮಾಡಿದೆ. ಸೈಕಲ್ ಸವಾರ ತಾನೇ ಯೋಚಿಸಿ ಸೇವಿಸುತ್ತಾನೆ, ಮೂಕ ಪ್ರಾಣಿಗೆ ಆ ಆಯ್ಕೆಯಿಲ್ಲ. ಸವಾರರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ: ಹಲವು ಪದಾರ್ಥ ಬೆರೆಸಿ ಮಾರುವ ಪೂರಕಗಳಲ್ಲಿ ನಿಷೇಧಿತ ವಸ್ತು ಕಲಬೆರಕೆಯಾಗಿರಬಹುದು. ಅದರ ಹೊಣೆ ನಿಯಮದ ಪ್ರಕಾರ ಸೇವಿಸಿದವರದೇ.

ಕರ್ನಾಟಕದ ಸೈಕಲ್ ಸವಾರಿಯಲ್ಲಿ ಇದರ ಸ್ಥಾನ

ಕರ್ನಾಟಕದಲ್ಲಿ ದೂರದ ಸವಾರಿಗೆ ಹಲವು ಮುಖಗಳಿವೆ. ಹಳ್ಳಿಯ ಬಯಲಿನಲ್ಲಿ ಸೈಕಲ್ಲಿನಿಂದ ಇಳಿಯದೆ ದಿನಗಟ್ಟಲೆ ಸುತ್ತುತ್ತಿದ್ದ ಸೈಕಲ್ ಬ್ಯಾಲೆನ್ಸ್ ಆಟದವರನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಅದು ನಿದ್ದೆಯೊಡನೆ, ಬೇಸರದೊಡನೆ ನಡೆಸಿದ ಹೋರಾಟ. ಆಮ್ಲದ ಮಾತು ಅಲ್ಲಿಲ್ಲ. 2006-07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ಲಕ್ಷಾಂತರ ಹಳ್ಳಿಯ ಮಕ್ಕಳನ್ನು ಸವಾರರನ್ನಾಗಿಸಿತು.

ಬೆಂಗಳೂರು, ಮೈಸೂರುಗಳಲ್ಲಿ ಬ್ರೆವೆ ಎಂಬ ದೂರದ ಸವಾರಿಗಳು ಬೇರೂರಿವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಇದರ ಕಾಲಮಿತಿ. ಗಂಟೆಗೆ ಸರಾಸರಿ 15 ಕಿ.ಮೀ. ಸಾಗಿದರೆ ಸಾಕಾಗುವ ಈ ಸವಾರಿಯಲ್ಲಿ ಬೈಕಾರ್ಬನೇಟಿಗೆ ಕೆಲಸವಿಲ್ಲ; ನಡುರಾತ್ರಿ ಹೊಟ್ಟೆ ಕೆಟ್ಟರೆ ನಷ್ಟವೇ ಹೆಚ್ಚು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ನಲ್ಲಿ ಹಲವು ದಿನಗಳ ಸವಾರಿಯ ನಡುವೆ ಸಮಯ ಅಳೆಯುವ ಏರುಗಳಿವೆ. ಮಸಿನಗುಡಿಯಿಂದ ಊಟಿಗೆ 36 ಹಿಮ್ಮುರಿ ತಿರುವುಗಳಲ್ಲಿ ಏರುವ ಕಲ್ಹಟ್ಟಿ ಘಟ್ಟ ಅವುಗಳಲ್ಲಿ ಹೆಸರಾದದ್ದು. ಅಲ್ಲಿಯೂ ಏರು ದೀರ್ಘವಾದ್ದರಿಂದ ಲಾಭ ನಿಶ್ಚಿತವಲ್ಲ.

ಬೈಕಾರ್ಬನೇಟ್ ನಿಜವಾಗಿ ಸಲ್ಲುವುದು ಟ್ರ್ಯಾಕ್ ಸ್ಪರ್ಧೆಗಳಿಗೆ. ಒಂದು ಕಿ.ಮೀ. ಕಾಲಸ್ಪರ್ಧೆ ಸುಮಾರು ಒಂದು ನಿಮಿಷದ್ದು, 4 ಕಿ.ಮೀ. ಪರ್ಸ್ಯೂಟ್ ಎಂಬ ಬೆನ್ನಟ್ಟುವ ಸ್ಪರ್ಧೆಯನ್ನು ವಿಶ್ವದ ಅಗ್ರ ಪುರುಷ ಸವಾರರು 4 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಕರ್ನಾಟಕದಲ್ಲಿ ಈ ಸ್ಪರ್ಧೆಗಳಿಗೆ ಸವಾರರನ್ನು ಕೊಟ್ಟ ಸೀಮೆ ವಿಜಯಪುರ ಮತ್ತು ಬಾಗಲಕೋಟೆ. ರೈತಾಪಿ ಮನೆಗಳ ಹುಡುಗ ಹುಡುಗಿಯರು ಅಲ್ಲಿನ ಕ್ರೀಡಾ ನಿಲಯಗಳಲ್ಲಿ ಪಳಗಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಆದರೆ ಅವರಲ್ಲಿ ಬಹುಪಾಲು ಶಾಲಾ ವಯಸ್ಸಿನವರು. ಬೆಳೆಯುವ ದೇಹಕ್ಕೆ ಈ ಪೂರಕವನ್ನು ಕೊಡಬಾರದು. ತರಬೇತುದಾರರೂ ಪೋಷಕರೂ ಇದನ್ನು ಗಟ್ಟಿಯಾಗಿ ಪಾಲಿಸಬೇಕು. ಆ ವಯಸ್ಸಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ, ಸಾಕಷ್ಟು ನಿದ್ದೆ, ಮೈಗೆ ಹೊಂದುವ ಸೈಕಲ್ ಮತ್ತು ತಾಳ್ಮೆಯ ಅಭ್ಯಾಸ.

ಒಟ್ಟು ಮೌಲ್ಯ

ಸೋಡಿಯಂ ಬೈಕಾರ್ಬನೇಟ್ ಅಗ್ಗ, ಸುಲಭವಾಗಿ ಸಿಗುವಂಥದ್ದು, ನಿಯಮದಲ್ಲಿ ಅವಕಾಶವಿರುವಂಥದ್ದು. ಅದು ಕೊಡುವ ಲಾಭ ಸಾಮಾನ್ಯವಾಗಿ ಶೇ. ಒಂದೆರಡರಷ್ಟು, ಅದೂ ಚೆನ್ನಾಗಿ ಪಳಗಿದ, ಹೊಟ್ಟೆ ಒಗ್ಗಿದ, ಆರೋಗ್ಯವಂತ ವಯಸ್ಕರಿಗೆ, ತೀವ್ರ ಶ್ರಮದ ಕೆಲವೇ ನಿಮಿಷಗಳಲ್ಲಿ. ವರ್ಷವಿಡೀ ಕ್ರಮವಾಗಿ ಏರು ತುಳಿದವರ ಸ್ನಾಯುಗಳಲ್ಲಿ ಆಮ್ಲವನ್ನು ತಡೆಯುವ ಮತ್ತು ಹೊರಸಾಗಿಸುವ ಶಕ್ತಿ ತಾನಾಗಿಯೇ ಬೆಳೆಯುತ್ತದೆ. ಆ ಶಕ್ತಿ ಪುಡಿಯ ಪರಿಣಾಮದಂತೆ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದಿಲ್ಲ. ಮೇಲುಕೋಟೆಯ ಏರನ್ನು ಮೊದಲ ಸಲ ಹತ್ತಲು ಹೊರಟವರು ಚೀಲದಲ್ಲಿ ನೀರು, ಬೆಲ್ಲ, ಬಾಳೆಹಣ್ಣು ಇಟ್ಟುಕೊಳ್ಳಲಿ. ಅಡುಗೆ ಸೋಡಾ ಅಡುಗೆಮನೆಯಲ್ಲೇ ಇರಲಿ.